ಜಡೆಸ್ವಾಮಿಯ ಹಾಡೂ ನನ್ನ ಪೂರ್ವಪಕ್ಷವೂ

ನನ್ನ ಮೊಮ್ಮಗಳು ಹೋದ ತಿಂಗಳು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಮೊದಲ ದಿನ ಮುಗಿಸಿ ಬಂದವಳು ಬ್ಯಾಗನ್ನು ನನ್ನ ಹಾಸಿಗೆ ಮೇಲೆ ಎಸೆದು, "ಅಜ್ಜೀ, ಅಷ್ಟು ವರ್ಷ ಪಾಠ ಮಾಡಿದ್ಯಲ್ಲ, ಹುಡುಗ್ರು ನಿನ್ನ ಮಾತು ಕೇಳ್ತಿದ್ರಾ?" ಅಂದಳು. "ಕೇಳ್ದಿದ್ರೆ ಏನೂ ತೊಂದ್ರೆ ಇಲ್ಲ ಕಣೇ, ಕೇಳಿಬಿಟ್ರೇ ಕಷ್ಟ" ಅಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. "ಹಂಗಾದ್ರೆ ಬರೆದು ಕೊಡು" ಎಂದು ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೇಳಿಕೊಟ್ಟು ಹೋದಳು. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ಫೋನಿಗೆ ನನಗಿಂತ ಆತುರ. "ಪೂರ್ವಪಕ್ಷ" ಎಂದು ಬರೆಯಲು ಹೊರಟರೆ "ಪೂರ್ವಭಾವಿ ಸಭೆ" ಎಂದು ತಾನೇ ಮುಂದೆ ಓಡುತ್ತದೆ. ಸಭೆಗಳಲ್ಲಿ ಕೂತು ಕೂತು ರಿಟೈರ್ ಆದವಳು ನಾನು, ಮತ್ತೆ ಸಭೆಗೆ ಕರೆಯಬೇಡ ಎಂದು ಅಳಿಸುತ್ತೇನೆ.

ಆದ್ದರಿಂದ ಪ್ರಮೋಷನ್ ಯಾವಾಗ ಬಂತು, ಹಾರ ಯಾರು ಹಾಕಿದರು, ಇವೆಲ್ಲ ಇಲ್ಲಿ ಇಲ್ಲ. ಹಾರ ಹಾಕಿದವರೇ ಅದನ್ನು ಮರೆತಿದ್ದಾರೆ. ಹೊಸದಾಗಿ ಕ್ಲಾಸಿಗೆ ಕಾಲಿಡುವವರಿಗೆ ಉಪಯೋಗಕ್ಕೆ ಬರುವಷ್ಟನ್ನು ಹೇಳುತ್ತೇನೆ.

ನನ್ನದು ತತ್ತ್ವಶಾಸ್ತ್ರ, ಜೊತೆಗೆ ತರ್ಕ. ಹುಡುಗರ ಬಾಯಲ್ಲಿ ನಾನು "ಲಾಜಿಕ್ ಮೇಡಂ". ಎಪ್ಪತ್ತರ ದಶಕದ ನಡುವಿನಲ್ಲಿ ಮೊದಲು ಸೇರಿದ್ದು ಕುಣಿಗಲ್‌ನಲ್ಲಿ. ಆಗ ಪಾಠ ಎಂದರೆ ನೋಟ್ಸ್ ಹೇಳಿ ಬರೆಸುವುದು. ನನ್ನ ಮೇಷ್ಟ್ರು ನನಗೆ ಬರೆಸಿದ್ದನ್ನೇ ನಾನು ನಿಂತುಕೊಂಡು ಓದುವುದು, ಹುಡುಗರು ಕೂತುಕೊಂಡು ಬರೆಯುವುದು. ಯಾರ ತಲೆಯೊಳಗೂ ಹೋಗದೆ ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಜ್ಞಾನ ಹರಿದುಹೋಗುತ್ತಿತ್ತು. ಮೊದಲ ವರ್ಷ ಒಂದು ದಿನ ಪುಟದ ಕೊನೆಗೆ ಬಂದಾಗ, ಅಲ್ಲಿ ನನ್ನ ಕೈಯಲ್ಲೇ ಬರೆದಿದ್ದ "ಹಿಂಬದಿ ನೋಡಿ" ಎನ್ನುವುದನ್ನೂ ಅದೇ ರಾಗದಲ್ಲಿ ಓದಿಬಿಟ್ಟಿದ್ದೆ. ಪರೀಕ್ಷೆಯಲ್ಲಿ ಇಡೀ ಕ್ಲಾಸು ಉತ್ತರದ ನಡುವೆ "ಹಿಂಬದಿ ನೋಡಿ" ಎಂದು ಬರೆದಿತ್ತು. ಒಬ್ಬ ಅದಕ್ಕೆ ಅಡಿಗೆರೆ ಬೇರೆ ಎಳೆದಿದ್ದ. ಅಲ್ಲಿನ ಪ್ರಿನ್ಸಿಪಾಲರು ಆ ಪೇಪರುಗಳನ್ನು ಮುಂದಿಟ್ಟುಕೊಂಡು, "ನೋಡೀಮ್ಮ, ನೀವು ಹೇಳಿದ್ದೆಲ್ಲ ವೇದವಾಕ್ಯ ಇವ್ರಿಗೆ. ಹುಷಾರಾಗಿ ಬಾಯಿ ಬಿಡಿ" ಅಂದರು. ನಾನು ನಗುತ್ತಾ ಹೊರಗೆ ಬಂದೆ. ಅವರು ಹೇಳಿದ್ದರ ತೂಕ ಗೊತ್ತಾಗಲು ತುಮಕೂರಿಗೆ ವರ್ಗವಾಗಿ ಬರಬೇಕಾಯಿತು.

ತುಮಕೂರಿನಲ್ಲಿ ನಾವು ಸದಾಶಿವನಗರದಲ್ಲಿ ಬಾಡಿಗೆಗೆ ಇದ್ದೆವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಲೇಜಿನಲ್ಲಿ ತತ್ತ್ವಶಾಸ್ತ್ರಕ್ಕೆ ಬರುತ್ತಿದ್ದವರು ಬೇರೆಲ್ಲೂ ಸೀಟು ಸಿಗದವರು, ಮದುವೆ ಗೊತ್ತಾಗುವ ತನಕ ಕಾಲ ಕಳೆಯಬೇಕಾದ ಹುಡುಗಿಯರು, ಅಪರೂಪಕ್ಕೆ ಒಬ್ಬ ನಿಜವಾಗಿ ಓದಬೇಕೆಂದು ಬಂದವನು. ಆ ವರ್ಷದ ಅಪರೂಪದವನು ಚಂದ್ರಶೇಖರ. ಗುಬ್ಬಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದ. ಅವನ ಅಪ್ಪ ಸಿದ್ದಲಿಂಗಪ್ಪನವರದು ಗುಬ್ಬಿಯಲ್ಲಿ ಕೊಬ್ಬರಿ ಮಂಡಿ. ಹುಡುಗನ ಶರ್ಟಿನಿಂದಲೂ ಒಣಕೊಬ್ಬರಿ ವಾಸನೆ ಬರುತ್ತಿತ್ತು. ಮಾತು ಕಡಿಮೆ, ಆದರೆ ಪ್ರಶ್ನೆ ಕೇಳಿದರೆ ನಾನು ಕುರ್ಚಿ ಹುಡುಕಬೇಕಾಗುತ್ತಿತ್ತು.

ಒಂದು ದಿನ ಕ್ಲಾಸ್ ಮುಗಿದ ಮೇಲೆ ಹಿಂದೆ ಬಂದ.

"ಮೇಡಂ, ಒಂದು ಹಾಡು ಕೇಳ್ತೀರಾ?"

"ಯಾವ ಪಿಚ್ಚರ್‌ದೋ?"

"ಪಿಚ್ಚರ್‌ದಲ್ಲ ಮೇಡಂ. ರಾಕ್ ಮ್ಯೂಸಿಕ್ಕು. ಇಂಗ್ಲಿಷು."

ರೆಕಾರ್ಡಿನ ಕವರ್ ತೋರಿಸಿದ. ಸೊಂಟದ ತನಕ ಕೂದಲು ಬಿಟ್ಟುಕೊಂಡ ಒಬ್ಬ ಬಿಳಿಯ, ಗಿಟಾರನ್ನು ಗುದ್ದಲಿ ಹಿಡಿದ ಹಾಗೆ ಹಿಡಿದುಕೊಂಡು ನಿಂತಿದ್ದ. ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಷ್ಟ್ರು ಅದನ್ನು ನೋಡಿ ಅವನಿಗೆ "ಜಡೆಸ್ವಾಮಿ" ಎಂದು ಹೆಸರಿಟ್ಟರು. ಅವನ ನಿಜವಾದ ಹೆಸರು ನನ್ನ ನಾಲಿಗೆಗೆ ಹತ್ತಲೇ ಇಲ್ಲ. ಹಾಗಾಗಿ ಇಲ್ಲೂ ಜಡೆಸ್ವಾಮಿಯೇ ಇರಲಿ.

ಅವನು ಟೇಪಿಗೆ ಇಳಿಸಿ ತಂದಿದ್ದ ಹಾಡನ್ನು ಅಲ್ಲೇ ಕೇಳಿದೆ. ಡಬ್ಬ ಬಡಿದ ಹಾಗಿತ್ತು. ಒಂದು ಮಾತೂ ತಿಳಿಯಲಿಲ್ಲ. "ಇವನನ್ನ ಯಾರಾದ್ರೂ ಹೊಡೀತಾ ಇದ್ದಾರೇನೋ?" ಅಂದೆ. ಚಂದ್ರ ನಗಲಿಲ್ಲ. ನಿಧಾನವಾಗಿ ಕನ್ನಡದಲ್ಲಿ ಹೇಳಿದ. ಒಬ್ಬನ ಕಾರು ಹೆದ್ದಾರಿಯಲ್ಲಿ ಕೆಟ್ಟು ನಿಂತಿದೆ. ಎಲ್ಲಿ ಕೆಟ್ಟಿದೆ ಎಂದು ಹುಡುಕಲು ಬಾನೆಟ್ ತೆಗೆದು ಪಕ್ಕಕ್ಕಿಡುತ್ತಾನೆ. ಚಕ್ರ ಬಿಚ್ಚುತ್ತಾನೆ, ಸೀಟು ಇಳಿಸುತ್ತಾನೆ, ಎಂಜಿನ್ನಿನ ಒಂದೊಂದು ಭಾಗವನ್ನೂ ರಸ್ತೆಬದಿಯ ಹುಲ್ಲಿನ ಮೇಲೆ ಸಾಲಾಗಿ ಜೋಡಿಸುತ್ತಾನೆ. ಕೊನೆಗೆ ಎಲ್ಲವೂ ಹುಲ್ಲಿನ ಮೇಲಿದೆ. ದಾರಿಹೋಕನೊಬ್ಬ ನಿಂತು, ಎಲ್ಲಪ್ಪ ನಿನ್ನ ಕಾರು ಎಂದು ಕೇಳುತ್ತಾನೆ.

ನನ್ನ ಮೈ ಜುಮ್ಮೆಂದಿತು. ಇದು ಬೌದ್ಧರ ರಥದ ವಾದ. ಚಕ್ರ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ಹಾಗಾದರೆ ರಥ ಎಲ್ಲಿದೆ? ಹಾಗೆಯೇ ಕೈ ನಾನಲ್ಲ, ಕಣ್ಣು ನಾನಲ್ಲ, ನೆನಪು ನಾನಲ್ಲ, ಹಾಗಾದರೆ ನಾನು ಎಲ್ಲಿದ್ದೇನೆ? ವರ್ಷವರ್ಷವೂ ಇದನ್ನೇ ಬರೆಸಿದ್ದೆ, ಒಬ್ಬರಿಗೂ ನಾಟಿರಲಿಲ್ಲ. ಜಡೆಸ್ವಾಮಿ ಡಬ್ಬ ಬಡಿದು ನಾಟಿಸಿದ್ದ.

ಮುಂದಿನ ವಾರ ಟೇಪ್ ರೆಕಾರ್ಡರ್ ಕ್ಲಾಸಿಗೇ ಬಂತು. ಸೋಮವಾರ ಕಾರಿನ ಹಾಡು. ಬುಧವಾರ ಸ್ಟೇಷನ್ನಿನ ಹಾಡು. ಅದರಲ್ಲಿ ಟಿಕೆಟ್ ಕಲೆಕ್ಟರ್ ಹೆಸರು ಕೇಳಿದರೆ ಪ್ರಯಾಣಿಕ, ಆ ಹೆಸರಿನವನು ಹಿಂದಿನ ಸ್ಟೇಷನ್ನಿನಲ್ಲೇ ಇಳಿದುಹೋದ ಎನ್ನುತ್ತಾನೆ. ಕ್ಷಣಕ್ಷಣಕ್ಕೂ ಎಲ್ಲವೂ ಬೇರೆ, ಹತ್ತಿದವನೇ ಇಳಿಯುವುದಿಲ್ಲ. ಇದೂ ಬೌದ್ಧರದೇ, ಕ್ಷಣಿಕವಾದ. ಕಡೇ ಬೆಂಚಿನವರೂ ಮುಂದಕ್ಕೆ ಬಂದು ಕೂತಿದ್ದರು. ಆಗಲೇ ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದು ಕಂಡಿತು. ಅವರದು ಕೆಮಿಸ್ಟ್ರಿ.

"ಏನ್ರೀ ಇದು? ಕಾಲೇಜೋ ಮದುವೆ ಛತ್ರಾನೋ?"

"ಬೌದ್ಧದರ್ಶನ ಸಾರ್."

"ಬೌದ್ಧರು ಯಾವಾಗ್ರೀ ಗಿಟಾರ್ ಹಿಡ್ಕೊಂಡಿದ್ದು?"

ಹುಡುಗರು ಘೊಳ್ಳೆಂದರು. ಅವರು ನನ್ನನ್ನು ವರಾಂಡಕ್ಕೆ ಕರೆದು ದನಿ ಇಳಿಸಿ, "ಈ ವಯಸ್ಸಿನ ಹುಡುಗ್ರಿಗೆ ನೀನಿಲ್ಲ, ನೀನಿಲ್ಲ ಅಂತ ಹೇಳ್ಕೊಡ್ತೀರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವೇ ಉತ್ತರ ಕೊಡ್ಬೇಕು" ಅಂದರು.

"ಉತ್ತರ ಇದೆ ಸಾರ್. ಇದು ಬರೀ ಪೂರ್ವಪಕ್ಷ" ಅಂದೆ.

ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮ ಶಾಸ್ತ್ರದಲ್ಲಿ ಪಾಠ ಹೇಳುವ ಕ್ರಮವೊಂದಿದೆ. ಮೊದಲು ಎದುರಾಳಿಯ ವಾದವನ್ನು ಹೇಳಬೇಕು, ಅದು ಪೂರ್ವಪಕ್ಷ. ಅದನ್ನು ಎದುರಾಳಿಯೇ ಬಂದು ಹೇಳಿದರೂ ಅಷ್ಟು ಚೆನ್ನಾಗಿ ಹೇಳಲಾರ ಎನ್ನುವಷ್ಟು ಗಟ್ಟಿಯಾಗಿ ಹೇಳಬೇಕು. ಆಮೇಲೆ ಅದಕ್ಕೆ ಉತ್ತರ ಕೊಟ್ಟು ನಮ್ಮ ಮಾತನ್ನು ನಿಲ್ಲಿಸಬೇಕು, ಅದು ಸಿದ್ಧಾಂತ. ಪೂರ್ವಪಕ್ಷ ಹೇಳುವುದರಲ್ಲಿ ನನಗೆ ಹೆಸರಿತ್ತು. ನಾನು ಚಾರ್ವಾಕನ ಪರ ನಿಂತರೆ ಹುಡುಗರು ಸಾಲ ಮಾಡಿ ತುಪ್ಪ ತಿನ್ನಲು ಹೊರಡುತ್ತಿದ್ದರು.

ಆ ಶುಕ್ರವಾರ ನಿರ್ವಾಣದ ಪಾಠ. ಚಂದ್ರ ತಂದದ್ದು ಮೂರನೆಯ ಹಾಡು. ಮನೆಯ ಕೋಣೆಗಳ ದೀಪವನ್ನೆಲ್ಲ ಒಂದೊಂದಾಗಿ ಆರಿಸುತ್ತಾ ಬರುವ ಒಬ್ಬ ಕೊನೆಯ ದೀಪದ ಮುಂದೆ ನಿಂತು, ಇದನ್ನೂ ಆರಿಸುತ್ತೇನೆ, ನನ್ನನ್ನು ಹುಡುಕಬೇಡಿ ಎನ್ನುತ್ತಾನೆ. ನಿರ್ವಾಣ ಎನ್ನುವುದಕ್ಕೆ ದೀಪ ಆರುವುದು ಎಂದೇ ಹೋಲಿಕೆ ಕೊಡುತ್ತಾರೆ. ನಾನು ಆವೇಶ ಬಂದವಳ ಹಾಗೆ ಪಾಠ ಮಾಡಿದೆ. ಆರುವುದು ಆಸೆಯೇ ಹೊರತು ಮನುಷ್ಯನಲ್ಲ ಎನ್ನುವ ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ಬೆಲ್ ಹೊಡೆಯಿತು. ಎಲ್ಲರೂ ಎದ್ದರು. ಚಂದ್ರ ಮಾತ್ರ ಟೇಪ್ ರೆಕಾರ್ಡರಿನ ವೈರು ಸುತ್ತುತ್ತಾ ಕೇಳಿದ:

"ಮೇಡಂ, ಹಂಗಾದ್ರೆ ಆರಿಸೋದು ತಪ್ಪಲ್ಲ, ಅಲ್ವಾ?"

"ಸೋಮವಾರ ಹೇಳ್ತೀನಿ ಕಣೋ. ರೈಲು ತಪ್ಪುತ್ತೆ, ಓಡು."

ಆ ಸೋಮವಾರ ಬರಲೇ ಇಲ್ಲ. ಬಸ್ ಚಾರ್ಜ್ ಏರಿಸಿದ್ದಕ್ಕೆ ಶನಿವಾರ ಹುಡುಗರು ಸ್ಟ್ರೈಕ್ ಶುರು ಮಾಡಿದರು, ಕಲ್ಲು ಬಿತ್ತು, ಕಾಲೇಜು ಮುಚ್ಚಿತು. ಸ್ಟ್ರೈಕ್ ಎಳೆಯಿತು. ನಾನು ಮನೆಯಲ್ಲಿ ಹಪ್ಪಳ ಇಡುತ್ತಾ ಹಾಯಾಗಿದ್ದೆ.

ಒಂದು ಬೆಳಿಗ್ಗೆ ಮನೆ ಮುಂದೆ ಲಾರಿ ನಿಂತಿತು. ಬಿಳೀ ಪಂಚೆ, ಹೆಗಲ ಮೇಲೆ ಟವೆಲ್, ಗಡ್ಡ ಬಿಟ್ಟ ಎತ್ತರದ ಮನುಷ್ಯ ಗೇಟು ತಳ್ಳಿಕೊಂಡು ಬಂದರು.

"ನೀವೇನಾ ಲಾಜಿಕ್ ಮೇಡಮ್ಮು?"

"ಹೌದು, ತಾವು?"

"ಚಂದ್ರಸೇಖರನ ಅಪ್ಪ. ನನ್ನ ಮಗ ಎಲ್ಲವ್ನೆ?"

ನನಗೆ ಅರ್ಥವಾಗಲಿಲ್ಲ. ನೆನ್ನೆ ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಹೋದವನು ಮನೆಗೆ ಬಂದಿಲ್ಲವಂತೆ. ಗುಬ್ಬಿಯಲ್ಲಿ ಅವನ ಸ್ನೇಹಿತರನ್ನೆಲ್ಲ ಕೇಳಿ ಆಗಿದೆ. ಅವನ ಕೋಣೆಯಲ್ಲಿ ಸಿಕ್ಕಿದ್ದು ಒಂದು ಕ್ಯಾಸೆಟ್ಟು. ಅದರ ಮೇಲೆ ಅವನ ಕೈಯಲ್ಲೇ "ಮೇಡಂ ಪಾಠ" ಎಂದು ಬರೆದಿದೆ.

"ಅದೇನು ಪಾಠ ಹೇಳ್ಕೊಟ್ರಿ ತಾಯಿ? ಹದಿನೈದು ದಿನದಿಂದ ಹುಡುಗ ಸರ್ಯಾಗಿ ಅನ್ನ ತಿಂದಿಲ್ಲ. ಕೇಳುದ್ರೆ, ತಿನ್ನೋನು ಯಾರಪ್ಪ ಅಂತಾನೆ. ಅವ್ರವ್ವ ಗೋಡೆಗೆ ತಲೆ ಚಚ್ಕತಾವ್ಳೆ. ಟೇಸನ್‌ನಾಗೆ ಸಬ್‌ಇನ್ಸ್‌ಪೆಕ್ಟ್ರು ಆ ಹಾಡು ಕೇಳಿ, ಕೆರೆಗೆ ಜನ ಇಳಿಸ್ಬೇಕು ಅಂದವ್ರೆ. ನಡೀರಿ, ನೀವೇ ಬಂದು ಹೇಳಿ, ಇದೇನು ಅಂತ."

ಹಪ್ಪಳದ ಹಿಟ್ಟಿನ ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ಲಾರಿ ಹತ್ತಿದೆ. ಗುಬ್ಬಿ ತಲುಪುವ ತನಕ ಆ ಮನುಷ್ಯ ಗೇರಿನ ಪಕ್ಕ ಕೂತು ಟವೆಲಿನ ಅಂಚು ಹಿಂಜುತ್ತಿದ್ದರು. ನನ್ನ ಕಿವಿಯಲ್ಲಿ ಒಂದೇ ಪ್ರಶ್ನೆ. ಹಂಗಾದ್ರೆ ಆರಿಸೋದು ತಪ್ಪಲ್ಲ, ಅಲ್ವಾ?

ಮಂಡಿಯಲ್ಲಿ ಕೊಬ್ಬರಿ ಮೂಟೆಯೊಂದರ ಮೇಲೆ ಟೇಪ್ ರೆಕಾರ್ಡರ್ ಇತ್ತು. ಎಸ್‌.ಐ. ಕಿರಿ ವಯಸ್ಸಿನವರು, ಟೋಪಿ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಹೊರಗೆ ಕೊಬ್ಬರಿ ಹೋಳು ಮಾಡುವ ಹೆಂಗಸರು ಕೆಲಸ ನಿಲ್ಲಿಸಿ ನಿಂತಿದ್ದರು. ಕ್ಯಾಸೆಟ್ ಹಾಕಿದರು. ಕಾರು, ಸ್ಟೇಷನ್ನು, ದೀಪ. ನಾನು ಪಾಠ ಮಾಡಿದ ಕ್ರಮದಲ್ಲೇ, ಒಂದೂ ಹಿಂದುಮುಂದಾಗದೆ.

"ಮೇಡಂ, ನಂಗೂ ಇಂಗ್ಲಿಷ್ ಬರ್ತದೆ" ಎಂದರು ಎಸ್‌.ಐ. "ಕೊನೇ ದೀಪ ಆರಿಸ್ತೀನಿ, ಹುಡುಕ್ಬೇಡಿ ಅಂತಾನೆ. ಇದಕ್ಕಿಂತ ಬಿಡಿಸಿ ಯಾರು ಹೇಳ್ತಾರೆ? ಈಜೋರು ರೆಡಿ ಇದ್ದಾರೆ."

ಸಿದ್ದಲಿಂಗಪ್ಪ ಕಂಬ ಹಿಡಿದುಕೊಂಡರು.

ಅವನು ನನ್ನ ಕ್ರಮದಲ್ಲಿ ಹಾಡು ಜೋಡಿಸಿದ್ದನ್ನು ಕೇಳಿದ ಮೇಲೆ ನನ್ನ ತಲೆ ಸ್ವಲ್ಪ ಸ್ತಿಮಿತಕ್ಕೆ ಬಂತು. "ಸ್ವಾಮಿ, ಕೋರ್ಟಲ್ಲಿ ಒಂದು ಕಡೆ ಲಾಯರ್ ವಾದ ಮಾಡಿದ್ದನ್ನೇ ತೀರ್ಪು ಅಂತ ಬರ್ಕೋತಾರಾ? ಇದು ಒಂದು ಕಡೆ ವಾದ. ಅವನು ನನ್ನ ಪಾಠನೇ ಜೋಡಿಸಿದಾನೆ. ಇದಕ್ಕೆ ಇನ್ನೊಂದು ಭಾಗ ಇರ್ಲೇಬೇಕು" ಅಂದೆ.

"ತೀರ್ಪು ಎಲ್ಲಿದೆ, ತೋರ್ಸಿ."

"ಕ್ಯಾಸೆಟ್ ತಿರುಗ್ಸಿ."

ತಿರುಗಿಸಿ ಮೊದಲಿನಿಂದ ಹಾಕಿದರು. ಬರೀ ಸರ್ರ್ ಎನ್ನುವ ಸದ್ದು. ಖಾಲಿ. ಸ್ವಲ್ಪ ಹೊತ್ತು ಕೇಳಿ ಎಸ್‌.ಐ. ನಿಲ್ಲಿಸಲು ಕೈ ಚಾಚಿದರು.

"ಮುಟ್ಬೇಡಿ. ಓಡ್ಲಿ" ಅಂದೆ.

"ಖಾಲಿ ಇದೆ ಮೇಡಂ. ಟೈಮ್ ಹೋಗ್ತಾ ಇದೆ."

ಉತ್ತರಪತ್ರಿಕೆ ತಿದ್ದುವವರಿಗೆ ಒಂದು ಅಭ್ಯಾಸವಿದೆ. ಹುಡುಗರು ನಾಲ್ಕು ಪುಟ ಖಾಲಿ ಬಿಟ್ಟು, ಹೊಳೆದಾಗ ಬರೆಯೋಣ ಎಂದುಕೊಂಡು, ಕೊನೆಗೆ ಎಲ್ಲೋ ಹಿಂದಿನ ಹಾಳೆಯಲ್ಲಿ ಉತ್ತರ ಬರೆದಿರುತ್ತಾರೆ. ಹಾಗಾಗಿ ಖಾಲಿ ಪುಟ ಕಂಡ ತಕ್ಷಣ ಪತ್ರಿಕೆ ಮಡಚುವಂತಿಲ್ಲ. ಕೊನೆಯ ಹಾಳೆಯ ತನಕ ಮಗುಚಿ, ಪ್ರತಿ ಖಾಲಿ ಪುಟಕ್ಕೂ ಕೆಂಪು ಗೆರೆ ಎಳೆಯಬೇಕು. ನನ್ನ ಕೈಯಲ್ಲಿ ಎಷ್ಟೋ ಹುಡುಗರಿಗೆ ಪಾಸು ಸಿಕ್ಕಿದ್ದು ಆ ಹಿಂದಿನ ಹಾಳೆಯಿಂದಲೇ. ಇದನ್ನು ಎಸ್‌.ಐ.ಗೆ ಬಿಡಿಸಿ ಹೇಳುವಷ್ಟು ಉಸಿರು ಇರಲಿಲ್ಲ. "ಕೊನೇ ತನಕ ಓಡ್ಲಿ, ಆಮೇಲೆ ನೀವು ಹೇಳಿದ ಹಾಗೆ" ಎಂದಷ್ಟೇ ಹೇಳಿದೆ.

ಸರ್ರ್ ಎನ್ನುವ ಸದ್ದು ಕೇಳುತ್ತಾ ಒಂದು ಮಂಡಿ ತುಂಬ ಜನ ಕೂತಿದ್ದೆವು. ಒಳಮನೆಯಿಂದ ಹುಡುಗನ ತಾಯಿಯ ಬಿಕ್ಕು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಎಸ್‌.ಐ. ಗಡಿಯಾರ ನೋಡಿದರು, ಎದ್ದರು, ಬಾಗಿಲ ತನಕ ಹೋದರು.

ಆಗ ಟೇಪಿನಲ್ಲಿ ಯಾರೋ ಕೆಮ್ಮಿದರು.

"ಲೋ, ಈ ಸೈಡು ಹಂಗೇ ಬಿಟ್ಬಿಡ್ತೀಯೇನೋ?"

ಆ ದನಿ ನನಗೆ ಗೊತ್ತಿತ್ತು. ಅದೇ ಕ್ಲಾಸಿನ ಗಿರೀಶ, ತುಮಕೂರಿನವನು, ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇದ್ದವನು. ಪ್ಲೇಯರ್ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಾಡು ಇಳಿಸಿಕೊಂಡಿದ್ದಾರೆ. ಹಾಡು ಮುಗಿದ ಮೇಲೆ ಕ್ಯಾಸೆಟ್ ತಿರುಗಿಸಿಟ್ಟು, ಬಟನ್ ಒತ್ತಿದ್ದು ಮರೆತು ಮಾತಾಡಿದ್ದಾರೆ.

"ಇದು ಸಿದ್ಧಾಂತಕ್ಕೆ ಕಣೋ. ಮೇಡಂ ಹೇಳ್ತೀನಿ ಅಂದವ್ರೆ." ಇದು ಚಂದ್ರ. ಸಿದ್ದಲಿಂಗಪ್ಪ ಮೂಟೆಯ ಹತ್ತಿರ ಮಂಡಿಯೂರಿ ಕೂತುಬಿಟ್ಟರು.

"ಸ್ಟ್ರೈಕು ಮುಗೀದೇ ಇದ್ರೆ?"

"ಜಡೆಸ್ವಾಮೀನೇ ಹೇಳಿರ್ತಾನೆ. ಹೊಸಾ ರೆಕಾರ್ಡು ಬಂದೈತಲ್ಲ."

"ಅದು ಕುಣಿಗಲ್‌ನಲ್ಲಿ ನಮ್ಮ ಮಾವನ ಮಗನ ಹತ್ರ ಐತೆ. ಬಸ್‌ಸ್ಟ್ಯಾಂಡ್ ಪಕ್ಕ ರೇಡಿಯೋ ಅಂಗಡಿ. ಅದ್ರಲ್ಲೂ ಉತ್ತರ ಇಲ್ದೇ ಇದ್ರೆ ಏನ್ಲಾ ಮಾಡ್ತೀಯ?"

ಚಂದ್ರ ಸಣ್ಣಗೆ ನಕ್ಕ ಹಾಗೆ ಕೇಳಿಸಿತು. ಟಕ್ ಎಂದು ಬಟನ್ ಸದ್ದು. ಮತ್ತೆ ಸರ್ರ್.

"ನಗ್ತಾವ್ನೆ" ಎಂದರು ಸಿದ್ದಲಿಂಗಪ್ಪ, ನನ್ನ ಮುಖ ನೋಡುತ್ತಾ. "ನಗ್ತಾವ್ನೆ ಅಲ್ವಾ ತಾಯಿ?"

ಎಸ್‌.ಐ. ಟೋಪಿ ಹಾಕಿಕೊಂಡರು. ನನಗೆ ಆ ನಗು ಹಿಡಿಸಲಿಲ್ಲ. "ಕುಣಿಗಲ್‌ಗೆ ನಡೀರಿ" ಅಂದೆ. ಎಸ್‌.ಐ. ಅಲ್ಲಿನ ಸ್ಟೇಷನ್ನಿಗೆ ವೈರ್‌ಲೆಸ್ ಕಳಿಸುತ್ತೇನೆಂದರು. "ಈಜೋರು ಇಲ್ಲೂ ಇರ್ಲಿ" ಎಂದು ಮೆಲ್ಲಗೆ ಸೇರಿಸಿದರು.

ತುಮಕೂರು ದಾಟಿ ಲಾರಿ ಕುಣಿಗಲ್ ರಸ್ತೆಗೆ ತಿರುಗಿತು. ದಾರಿಯಲ್ಲಿ ಸಿಗುವ ಗೂಳೂರು ನಾನು ಹುಟ್ಟಿದ ಊರು. ಬೇರೆ ದಿನವಾಗಿದ್ದರೆ ಲಾರಿ ನಿಲ್ಲಿಸಿ ತಮ್ಮನ ಮನೆಯಲ್ಲಿ ಕಾಫಿ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ. ಆವತ್ತು ಊರು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ನಾನು ಮನಸ್ಸಿನಲ್ಲಿ ಸಿದ್ಧಾಂತ ಜೋಡಿಸುತ್ತಿದ್ದೆ. ನಾನು ಇಲ್ಲ ಎಂದು ಹೇಳುವವನೊಬ್ಬ ಇರಲೇಬೇಕಲ್ಲ. ಎಲ್ಲವೂ ಕ್ಷಣಿಕವಾದರೆ ನೆನ್ನೆಯದು ಇವತ್ತು ನೆನಪಾಗುವುದು ಹೇಗೆ. ಎಲ್ಲ ನೋಟ್ಸಿನಲ್ಲಿ ಇದ್ದದ್ದೇ, ಬಾಯಿಪಾಠ. ಲಾರಿಯ ಕ್ಯಾಬಿನ್ನಿನಲ್ಲಿ, ಆ ತಂದೆಯ ಪಕ್ಕದಲ್ಲಿ ಕೂತು ಹೇಳಿಕೊಂಡರೆ ಒಂದೂ ಗಟ್ಟಿಯಾಗಿ ನಿಲ್ಲಲಿಲ್ಲ.

ರೇಡಿಯೋ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಗಿರೀಶನ ಮಾವನ ಮಗ ಬೆಸುಗೆಯ ಕಡ್ಡಿ ಹಿಡಿದು ಕೂತಿದ್ದ. ಹೆಸರು ಹೇಳಿದ ತಕ್ಷಣ, "ಹೂಂ ಬಂದವ್ನೆ, ನೆನ್ನೆಯಿಂದ ಇಲ್ಲೇ ಅವ್ನೆ" ಅಂದ. ಸಿದ್ದಲಿಂಗಪ್ಪ ಅಂಗಡಿಯ ಹಲಗೆಗೆ ಒರಗಿದರು.

"ಎಲ್ಲಪ್ಪ ಈಗ?"

"ರೆಕಾರ್ಡು ಎರಡ್ಸಲ ಕೇಳ್ದ. ಊಟಕ್ಕೆ ಕರುದ್ರೆ ಬರ್ಲಿಲ್ಲ. ಒಂಥರಾ ಇದ್ದ. ಕೆರೆ ಏರಿ ಮ್ಯಾಕೆ ಹೋಗ್ಬತ್ತೀನಿ ಅಂತ ಈಗ ಹೋದ."

ಸಿದ್ದಲಿಂಗಪ್ಪ ಆಗಲೇ ಓಡುತ್ತಿದ್ದರು. ನಾನು ಹಿಂದೆ ಸೀರೆ ಎತ್ತಿಕೊಂಡು ಓಡಿದೆ. ಓಡುತ್ತಲೇ ತಿರುಗಿ, "ಆ ರೆಕಾರ್ಡ್‌ನಲ್ಲಿ ಏನಿದೆಯೋ?" ಎಂದು ಕೂಗಿದೆ.

"ಏನೂ ಇಲ್ಲ ಮೇಡಂ. ಆ ಪುಣ್ಯಾತ್ಮಂಗೆ ಮದ್ವೆ ಆಗೈತಂತೆ. ಬರೀ ಹೆಂಡ್ತಿ ಮಕ್ಳು ಹಾಡು!"

ಕುಣಿಗಲ್ ಕೆರೆ ನೋಡಿದವರಿಗೆ ಗೊತ್ತು, ಏರಿ ಉದ್ದ. ಮಧ್ಯಾಹ್ನದ ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಏರಿಯ ನಡುವೆ, ನೀರಿನ ಕಡೆಗೆ ಇಳಿಯುವ ಕಲ್ಲುಗಳ ಮೇಲೆ, ಎಲ್ಲಕ್ಕಿಂತ ಕೆಳಗಿನ ಕಲ್ಲಿನಲ್ಲಿ ಒಬ್ಬ ಕೂತಿದ್ದ. ಚಪ್ಪಲಿ ಮೇಲೆ ಬಿಟ್ಟಿದ್ದ. ಕಾಲು ನೀರಿನಲ್ಲಿತ್ತು.

ಸಿದ್ದಲಿಂಗಪ್ಪ ಗಕ್ಕನೆ ನಿಂತರು. ಕೂಗಿದರೆ ಏನು ಮಾಡುತ್ತಾನೋ, ಹತ್ತಿರ ಹೋದರೆ ಏನು ಮಾಡುತ್ತಾನೋ. ನನ್ನನ್ನು ನೋಡಿದರು. ನೀನೇ ಕಳಿಸಿದ್ದು, ನೀನೇ ಕರಿ ಎನ್ನುವ ನೋಟ.

ಮೇಲಿನ ಕಲ್ಲಿನ ಮೇಲೆ ಕೂತೆ. ಕ್ಲಾಸಿನ ದನಿಯಲ್ಲೇ ಮಾತಾಡಿದೆ.

"ಚಂದ್ರಶೇಖರ, ಸೋಮವಾರ ಹೇಳ್ತೀನಿ ಅಂದಿದ್ದೆ. ಕಾಲೇಜು ಇರ್ಲಿಲ್ಲ. ಈಗ ಹೇಳ್ಲೇನೋ?"

ಬೆನ್ನು ಅಲುಗಿತು. ತಿರುಗಲಿಲ್ಲ.

"ಜಡೆಸ್ವಾಮಿ ಮೋಸ ಮಾಡ್ಬಿಟ್ಟ ಮೇಡಂ."

"ಏನಂತೆ?"

"ಅಷ್ಟೆಲ್ಲ ಹೇಳ್ದೋನು, ಈಗ ಅಡುಗೆಮನೆ ಬಗ್ಗೆ ಹಾಡ್ತಾನೆ."

"ಒಂದು ಹಾಡು ಹೇಳು, ನೋಡಣ."

ಸಿದ್ಧಾಂತ ಹೇಳಲು ಬಂದವಳು ನಾನು. ಆದರೆ ಅವನು ಮಾತಾಡುತ್ತಿರುವ ತನಕ ಆ ಕಲ್ಲಿನ ಮೇಲೇ ಇರುತ್ತಾನೆ ಎಂದಷ್ಟೇ ಆಗ ಹೊಳೆದದ್ದು. ಅವನು ಬೇಸರದಿಂದಲೇ ಹೇಳಿದ. ಮಗು ಹುಟ್ಟಿದೆಯಂತೆ. ಎದ್ದೆದ್ದು ಅಳುತ್ತದಂತೆ. ಜಡೆಸ್ವಾಮಿ ಪ್ರತಿ ಸಲವೂ ಎದ್ದು, ಕತ್ತಲೆಯಲ್ಲಿ ಎಡವಿಕೊಂಡು, ದೀಪ ಹಚ್ಚಿ ಎತ್ತಿಕೊಳ್ಳುತ್ತಾನಂತೆ.

"ಏನು ಹಚ್ತಾನೆ?"

"ದೀಪ."

"ಆವತ್ತು ಕೊನೇ ದೀಪನೂ ಆರಿಸ್ದೋನು?"

ಅವನು ಈಗ ತಿರುಗಿದ. ಕಣ್ಣು ಕೆಂಪಾಗಿತ್ತು.

"ಹೂಂ. ಅವನೇ."

"ತನಗೋಸ್ಕರ ಆರಿಸಿದ್ದ. ಈಗ ಯಾರಿಗೋಸ್ಕರ ಹಚ್ತಾ ಇದ್ದಾನೆ? ನೀನು ಆ ಮೂರು ಹಾಡಿಗೆ ಉತ್ತರ ಹುಡುಕ್ಕೊಂಡು ಬಂದೆ. ಇದು ಉತ್ತರ ಅಲ್ವಾ? ನಾನು ಅನ್ನೋದು ಹುಲ್ಲಿನ ಮೇಲೆ ಬಿಚ್ಚಿಟ್ಟ ಕಾರೇ ಇರ್ಲಿ, ಒಪ್ಕೋತೀನಿ. ಮಗು ಅತ್ತಾಗ ಏಳೋದು ನಿಲ್ಲಲ್ಲವಲ್ಲೋ. ಬೌದ್ಧರೂ ಅದನ್ನೇ ಹೇಳಿದಾರೆ, ಕರುಣೆ ಅಂತ. ಆ ಪಾಠಕ್ಕೆ ಬರೋ ಮುಂಚೆ ಬೆಲ್ ಹೊಡೀತು."

"ಅದು ಸಿದ್ಧಾಂತ ಅಲ್ಲ ಮೇಡಂ" ಎಂದ ಚಂದ್ರ. "ಸಂಸಾರ."

ನನಗೆ ನಗು ಬಂತು, ತಡೆದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಸಿದ್ದಲಿಂಗಪ್ಪನವರ ದನಿ ಒಡೆದುಕೊಂಡು ಬಂತು.

"ಲೇ ಚಂದ್ರ! ನೀನಿಲ್ಲ ನೀನಿಲ್ಲ ಅಂತೀಯಲ್ಲ, ನೀನಿಲ್ದಿದ್ರೆ ನಾನು ಯಾರಿಗ್ಲಾ ಅಪ್ಪ?"

ತರ್ಕದ ಲೆಕ್ಕದಲ್ಲಿ ಅದು ತೀರ ಬಡ ವಾದ. ಒಬ್ಬ ಬೌದ್ಧ ಪಂಡಿತ ಎದುರಿಗಿದ್ದಿದ್ದರೆ ಎರಡೇ ಮಾತಿನಲ್ಲಿ ಮುರಿದು ಹಾಕುತ್ತಿದ್ದ. ನಾನೇ 'ಅಪ್ಪ' ಎನ್ನುವುದೂ ಬರೀ ಹೆಸರು ಎಂದು ಕ್ಲಾಸಿನಲ್ಲಿ ಮುರಿದವಳು. ಆವತ್ತು ತುಟಿ ಬಿಚ್ಚಲಿಲ್ಲ. ಚಂದ್ರನೂ ಮುರಿಯಲಿಲ್ಲ. ಅಪ್ಪನ ಗಡ್ಡ, ಅವರ ಏದುಸಿರು, ಒಂದೇ ಕಾಲಿನಲ್ಲಿದ್ದ ಚಪ್ಪಲಿ, ಎಲ್ಲ ನೋಡಿದ. ನೀರಿನಿಂದ ಕಾಲು ತೆಗೆದ. ಒಂದೊಂದೇ ಕಲ್ಲು ಹತ್ತಿ ಮೇಲೆ ಬಂದ. ಸಿದ್ದಲಿಂಗಪ್ಪ ಮೊದಲು ಒಂದು ಏಟು ಬಿಟ್ಟರು, ಆಮೇಲೆ ಅದೇ ಕೈಯಲ್ಲಿ ಅವನ ತಲೆ ಹಿಡಿದು ಎದೆಗೆ ಒತ್ತಿಕೊಂಡರು.

ಅವನು ಆ ಕಲ್ಲಿನ ಮೇಲೆ ಯಾವುದಕ್ಕೆ ಕೂತಿದ್ದ ಎಂದು ನಾನು ಕೇಳಲಿಲ್ಲ, ಆವತ್ತೂ ಇಲ್ಲ, ಆಮೇಲೂ ಇಲ್ಲ. ಹೊಸ ಮೇಷ್ಟ್ರುಗಳಿಗೆ ಇದನ್ನೇ ಹೇಳುತ್ತೇನೆ. ಹುಡುಗ ಮೇಲೆ ಹತ್ತಿ ಬರುತ್ತಿರುವಾಗ ಪರೀಕ್ಷೆ ಮಾಡಬೇಡಿ. ಆದರೆ ಪಾಠ ಮುಗಿದ ಮೇಲೆ ವೈರು ಸುತ್ತುತ್ತಾ ನಿಂತವನು ಕೇಳುವ ಪ್ರಶ್ನೆಯನ್ನು ಮಾತ್ರ ಸೋಮವಾರಕ್ಕೆ ತಳ್ಳಬೇಡಿ. ನನ್ನ ಕ್ರಮವನ್ನೂ ಅವತ್ತೇ ಬದಲಿಸಿಕೊಂಡೆ. ಪೂರ್ವಪಕ್ಷ ಶುರು ಮಾಡಿದರೆ ಸಿದ್ಧಾಂತದ ಒಂದು ತುಂಡನ್ನಾದರೂ ಅದೇ ದಿನ ಹುಡುಗರ ಕೈಗೆ ಕೊಟ್ಟೇ ಕಳಿಸುತ್ತಿದ್ದೆ. ಪಾಂಡಿತ್ಯ ಕಡಿಮೆಯಾಯಿತು ಎಂದು ಜೊತೆಯವರು ಆಡಿಕೊಂಡರು. ಆಡಿಕೊಳ್ಳಲಿ.

ಸ್ಟ್ರೈಕ್ ಮುಗಿಯಿತು. ಪ್ರಿನ್ಸಿಪಾಲರಿಗೆ ಸುದ್ದಿ ಮುಟ್ಟಿತ್ತು. "ಇನ್ಮೇಲೆ ಆ ಡಬ್ಬ ಕಾಲೇಜಿನ ಗೇಟಿನೊಳಗೆ ಬರಕೂಡದು" ಅಂದರು. "ಡಬ್ಬ ಬರಲ್ಲ ಸಾರ್, ಉಳಿದ ಪಾಠ ಇದೆ, ಅದನ್ನ ಮುಗಿಸ್ತೀನಿ" ಅಂದೆ.

ಕಾಲೇಜು ತೆರೆದ ಸೋಮವಾರ ಕ್ಲಾಸಿಗೆ ಹೋದರೆ ಚಂದ್ರನ ಜಾಗ ಖಾಲಿ. ಹಾಜರಿ ಕರೆದೆ. ಅವನ ಹೆಸರಿಗೆ ಬಂದಾಗ ಗಿರೀಶ ತಲೆ ತಗ್ಗಿಸಿದ. ಒಂದೇ ಸಲ ಕರೆಯುವುದು ನನ್ನ ಪದ್ಧತಿ. ಎರಡನೆಯ ಸಲ ಕರೆದೆ.

"ಎಸ್ ಮೇಡಂ" ಎಂದು ಬಾಗಿಲಿನಿಂದ ಬಂತು. ರೈಲು ತಡವಂತೆ. ಅವನ ಹಿಂದೆ ಬಿಳೀ ಪಂಚೆ. ಸಿದ್ದಲಿಂಗಪ್ಪ ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, "ನಾನೂ ಒಂದೀಟು ಕೇಳ್ತೀನಿ ತಾಯಿ, ಅದೇನೈತೆ ಅಂತ" ಎಂದು ಕಡೇ ಬೆಂಚಿನಲ್ಲಿ ಹುಡುಗರ ನಡುವೆ ತೂರಿಕೊಂಡು ಕೂತರು.

ನಾನು ಸಿದ್ಧಾಂತ ಶುರು ಮಾಡಿದೆ. ನೆನ್ನೆ ನೋಡಿದವನೂ ಇವತ್ತು ಅದನ್ನು ನೆನೆಯುವವನೂ ಒಬ್ಬನೇ ಆಗಿರಬೇಕು ಎನ್ನುವಲ್ಲಿಗೆ ಬಂದಿದ್ದೆ. ಚಂದ್ರ ಎದ್ದು ನಿಂತ.

"ಒಪ್ಪಲ್ಲ ಮೇಡಂ."

"ಯಾಕೋ?"

"ಒಂದು ದೀಪದಿಂದ ಇನ್ನೊಂದು ದೀಪ ಹಚ್ತೀವಿ. ಉರಿ ಮುಂದಕ್ಕೆ ಹೋಯ್ತು. ಅದೇ ದೀಪ ಅಂತೀರಾ? ನೆನಪೂ ಹಂಗೇ. ಒಬ್ಬನೇ ಇರ್ಬೇಕು ಅಂತ ಎಲ್ಲಿದೆ?"

ಒಳ್ಳೆಯ ಆಕ್ಷೇಪ. ನಾನು ಉತ್ತರ ಕೊಟ್ಟೆ. ಅದನ್ನು ಅವನು ಕತ್ತರಿಸಿದ. ಇನ್ನೊಂದು ಕೊಟ್ಟೆ. ಅದನ್ನೂ ಕತ್ತರಿಸಿದ. ಕೈ ಬೀಸಿ ಬೀಸಿ, ಮುಖ ಕೆಂಪು ಮಾಡಿಕೊಂಡು, ನನ್ನನ್ನು ಗೋಡೆಗೆ ಒತ್ತುತ್ತಿದ್ದ. ಇಡೀ ಕ್ಲಾಸು ಅವನ ಕಡೆಗೆ ತಿರುಗಿತ್ತು. ಅಷ್ಟೂ ವರ್ಷದ ಕೆಲಸದಲ್ಲಿ ಸೋಲುವುದು ನನಗೆ ಅಷ್ಟು ಸುಖವಾಗಿ ಮತ್ತೆ ಯಾವತ್ತೂ ಇರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಮಾತು ಹುಡುಕುತ್ತಿದ್ದಾಗ, ಕಡೇ ಬೆಂಚಿನಿಂದ, ಒಂದಕ್ಷರ ಅರ್ಥವಾಗದಿದ್ದ ಸಿದ್ದಲಿಂಗಪ್ಪ ಮೇಜು ಗುದ್ದಿದರು.

"ಬುಡಬ್ಯಾಡ ಕಣ್ಲಾ ಚಂದ್ರ! ಕೇಳು, ಇನ್ನೂ ಕೇಳು!"